ಪದಚರ್ಚೆ: ಕಾರ್ ರೇಸಿನಲ್ಲಿ ‘ಸುತ್ತು’ ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹೈಸ್ಕೂಲು ಮಕ್ಕಳು ಓದಲಿ ಎಂದು ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ವಿಷಯ ಬ್ರಿಟನ್ನಿನ ಫಾರ್ಮುಲಾ 4 (ಎಫ್4, ಕಾರ್ ರೇಸಿನ ಆರಂಭದ ದರ್ಜೆ) ಚಾಂಪಿಯನ್‌ಷಿಪ್‌ನ 2015ರ ಸೀಸನ್. ಲ್ಯಾಂಡೊ ನಾರಿಸ್ 15ನೇ ವಯಸ್ಸಿನಲ್ಲಿ ಪ್ರಶಸ್ತಿ ಗೆದ್ದದ್ದು ಆಗ. ನಾಲ್ಕೇ ವರ್ಷಕ್ಕೆ, 2019ರಲ್ಲಿ, ಮೆಕ್ಲಾರೆನ್ ತಂಡದಿಂದ ಫಾರ್ಮುಲಾ 1ಕ್ಕೆ ಬಂದರು. ಮಕ್ಕಳಿಗೆ ಇಷ್ಟವಾಗುವ ಕಥೆ. ಆದರೆ ‘ಸುತ್ತು’ ಎಂಬ ಒಂದು ಪದ ಪ್ರತಿ ಪ್ಯಾರಾದಲ್ಲೂ ತೊಡಕು ಕೊಡುತ್ತಿದೆ.

ಈ ವಾಕ್ಯ ನೋಡಿ: “ಮೂರನೇ ಸುತ್ತಿನ ಅರ್ಹತಾ ಸುತ್ತಿನಲ್ಲಿ ಮುಂದಿದ್ದವನು ಎರಡನೇ ಸುತ್ತಿನಲ್ಲೇ ಹಿಂದೆ ಬಿದ್ದ.” ಪತ್ರಿಕೆಗಳ ಕ್ರೀಡಾಪುಟದ ರೂಢಿಯಂತೆ ಬರೆದರೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಓದಿದವರಿಗೆ ಏನು ಅರ್ಥವಾಗಬೇಕು? ಮೊದಲನೆಯ ಸುತ್ತು, ಒಂದು ಊರಿನ ಟ್ರ್ಯಾಕಿನಲ್ಲಿ ಶನಿವಾರ, ಭಾನುವಾರ ನಡೆಯುವ ಇಡೀ ಕಾರ್ಯಕ್ರಮ. ಎರಡನೆಯದು, ಯಾರು ಎಲ್ಲಿ ನಿಂತು ಹೊರಡಬೇಕು ಎಂದು ತೀರ್ಮಾನಿಸುವ ಓಡಾಟ. ಮೂರನೆಯದು, ಟ್ರ್ಯಾಕನ್ನು ಒಂದು ಸಲ ಬಳಸಿ ಬರುವುದು, ಅಂದರೆ ಲ್ಯಾಪ್.

2015ರಲ್ಲಿ ಇಂಥ ವಾರಾಂತ್ಯಗಳು 10 ಇದ್ದವು. ಒಂದೊಂದರಲ್ಲೂ ಮೂರು ರೇಸ್, ಒಟ್ಟು 30. ಒಂದೊಂದು ರೇಸಿನಲ್ಲೂ ಎಷ್ಟೋ ಲ್ಯಾಪ್. ಮೂರು ಮಟ್ಟದ ಲೆಕ್ಕ ಒಟ್ಟಿಗೆ ನಡೆಯುವಾಗ ಒಂದೇ ಪದ ಸಾಲುವುದಿಲ್ಲ ಅಲ್ವಾ?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ‘ಸುತ್ತು’ ಲ್ಯಾಪ್‌ಗೆ ಮಾತ್ರ ಇರಲಿ. ಗುಡಿಗೆ ಮೂರು ಸುತ್ತು ಬಂದೆ ಎನ್ನುತ್ತೇವೆ. ಹೊರಟ ಕಡೆಗೇ ಬಂದು ಸೇರುವುದು ಆ ಮಾತಿನಲ್ಲೇ ಇದೆ. ಜೊತೆಗೆ ಸುತ್ತಿಗೆ ಒಂದು ಅಳತೆ ಇರುತ್ತದೆ. ಆ ಸೀಸನ್ ಶುರುವಾದದ್ದೂ ಮುಗಿದದ್ದೂ ಇಂಗ್ಲೆಂಡಿನ ಟ್ರ್ಯಾಕ್ ಆದ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲೇ. ಏಪ್ರಿಲ್‌ನಲ್ಲಿ ಓಡಿಸಿದ್ದು ಅಲ್ಲಿನ ಚಿಕ್ಕ ದಾರಿಯಲ್ಲಿ, ಒಂದು ಸುತ್ತಿಗೆ ಸುಮಾರು 1.9 ಕಿಲೋಮೀಟರ್. ಅಕ್ಟೋಬರ್‌ನಲ್ಲಿ ದೊಡ್ಡ ದಾರಿ, ಸುಮಾರು 3.9 ಕಿಲೋಮೀಟರ್. “ಸುತ್ತು ಎರಡರಷ್ಟಾಯಿತು” ಎಂದು ಬರೆದರೆ ಯಾರಿಗೂ ಗೊಂದಲವಾಗಬಾರದು.

ವಾರಾಂತ್ಯಕ್ಕೆ ‘ಸುತ್ತು’ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ, ಅದೇ ನನಗೆ ಜಾಸ್ತಿ ಮುಖ್ಯ. ಟೆನಿಸ್‌ನಲ್ಲಿ ಎರಡನೇ ಸುತ್ತು ಎಂದರೆ ಮೊದಲ ಸುತ್ತಿನಲ್ಲಿ ಸೋತವರು ಮನೆಗೆ ಹೋದರು ಎಂದರ್ಥ. ಓದುಗರ ಮನಸ್ಸಿನಲ್ಲಿ ಆ ಅರ್ಥ ಗಟ್ಟಿಯಾಗಿ ಕೂತಿದೆ. ಇಲ್ಲಿ ಹಾಗಲ್ಲ. ಯಾರೂ ಹೊರಗೆ ಹೋಗುವುದಿಲ್ಲ. ಗೆದ್ದವನಿಗೆ 25, ಎರಡನೆಯವನಿಗೆ 18, ಮೂರನೆಯವನಿಗೆ 15, ಹೀಗೆ ಇಳಿಯುತ್ತಾ ಹತ್ತನೆಯವನಿಗೆ 1 ಅಂಕ. ಅಂಕಗಳು ಕೂಡುತ್ತಾ ಹೋಗುತ್ತವೆ. ಏಪ್ರಿಲ್‌ನಲ್ಲಿ ಹಿಂದೆ ಬಿದ್ದವನು ಅಕ್ಟೋಬರ್‌ನಲ್ಲಿ ಮೇಲೆ ಬರಬಹುದು. ‘ಸುತ್ತು’ ಎಂದು ಬರೆದರೆ ಆಟದ ಸ್ವಭಾವವೇ ಬೇರೆಯಾಗಿ ಕಾಣುತ್ತದೆ. ‘ಅರ್ಹತಾ ಸುತ್ತು’ ಕೂಡ ಹೀಗೆಯೇ. ಅದು ಮುಖ್ಯವಾಗಿ ನಿಲ್ಲುವ ಜಾಗ ಗೊತ್ತುಮಾಡುವುದಕ್ಕೆ.

ವಾರಾಂತ್ಯಕ್ಕೆ ‘ಕೂಟ’ ಎನ್ನಬಹುದೇ? ಕ್ರೀಡಾಕೂಟ ಎಲ್ಲರಿಗೂ ಗೊತ್ತು. ಒಂದು ಕಡೆ ಸೇರುವುದು, ಹಲವು ಸ್ಪರ್ಧೆ ನಡೆಸುವುದು, ಚದುರುವುದು. “ಹತ್ತು ಕೂಟ, ಮೂವತ್ತು ಓಟ” ಎಂದರೆ ಕಿವಿಗೂ ಹಿತ. ‘ಹಂತ’ ಎಂಬ ಸಲಹೆಯೂ ಬಂದಿದೆ. ಅದು ನನಗೆ ಒಪ್ಪಿಗೆ ಇಲ್ಲ. ನಮ್ಮ ಜಿಲ್ಲೆಯ ಓದುಗರಿಗೆ ಕಾರ್ ಸ್ಪರ್ಧೆ ಎಂದರೆ ಮೊದಲು ನೆನಪಾಗುವುದು ರ‍್ಯಾಲಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಕೂಡ ಇಲ್ಲಿನ ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ನಡೆದಿದೆ. ಅಲ್ಲಿ ಕಾರುಗಳನ್ನು ಒಂದೊಂದಾಗಿ ಬಿಟ್ಟು ಗಡಿಯಾರ ನೋಡುತ್ತಾರೆ. ಆ ಒಂದೊಂದು ತುಂಡು ದಾರಿಗೆ ಸ್ಟೇಜ್ ಎನ್ನುತ್ತಾರೆ. ‘ಹಂತ’ ಎಂದರೆ ಇಲ್ಲಿನವರ ಮನಸ್ಸು ಅತ್ತ ಹೋಗುತ್ತದೆ.

‘ಸೀಸನ್’ ಅನ್ನು ಹಾಗೇ ಇಟ್ಟುಕೊಂಡಿದ್ದೇನೆ. ಕ್ರಿಕೆಟ್ ವರದಿಗಳಲ್ಲಿ ‘ಋತು’ ಇದೆ ನಿಜ. ಆದರೆ ಕಾಫಿಗೂ ಸೀಸನ್, ಪ್ರವಾಸಿಗರಿಗೂ ಸೀಸನ್ ಎನ್ನುವ ಊರಿನಲ್ಲಿ ಅದನ್ನು ಬದಲಿಸುವ ಅಗತ್ಯ ಕಾಣಲಿಲ್ಲ.

ಎಫ್4ನಂಥ ಸ್ಪರ್ಧೆಗಳಿಗೆ ಹೇಳುವ ‘ಜೂನಿಯರ್’ ಎಂಬ ಪದದ ಬಗ್ಗೆಯೂ ನಿಮ್ಮ ಮಾತು ಬೇಕು. ‘ಕಿರಿಯರ’ ಎಂದರೆ ಹತ್ತೊಂಬತ್ತು ವರ್ಷದೊಳಗಿನವರ ಕ್ರಿಕೆಟ್‌ನಂತೆ ವಯಸ್ಸಿಗೆ ಮೇಲಿನ ಮಿತಿ ಇದೆ ಅನಿಸುತ್ತದೆ. ಎಫ್4 ನಿಯಮದಲ್ಲಿ ಮುಖ್ಯವಾದದ್ದು ಕೆಳಗಿನ ಮಿತಿ, 15 ತುಂಬಿರಬೇಕು. ಜೂನಿಯರ್ ಎನ್ನುವುದು ಕಾರಿನ ದರ್ಜೆಗೆ. ಕಾರ್ಟಿಂಗ್ (ಪುಟ್ಟ ಗಾಡಿಗಳ ರೇಸ್) ಮುಗಿಸಿದವರು ಎಫ್4, ಎಫ್3, ಎಫ್2 ಎಂದು ಮೇಲೆ ಹೋಗುತ್ತಾರೆ. 2015ರಲ್ಲಿ ಬ್ರಿಟನ್ನಿನ ಎಫ್4ನಲ್ಲಿ ಎಲ್ಲರಿಗೂ ಫ್ರಾನ್ಸ್‌ನ ಮೈಗಾಲ್ ಕಂಪನಿಯ ಒಂದೇ ಮಾದರಿಯ ಕಾರು, ಫೋರ್ಡ್‌ನ 1.6 ಲೀಟರ್ ಟರ್ಬೊ ಎಂಜಿನ್. ‘ಮೊದಲ ದರ್ಜೆ’ ಎಂದರೆ ಅತ್ಯುತ್ತಮ ಎಂದಾಗಿಬಿಡುತ್ತದೆ. ಸದ್ಯಕ್ಕೆ ‘ಮೊದಲ ಮೆಟ್ಟಿಲಿನ ಚಾಂಪಿಯನ್‌ಷಿಪ್’ ಎಂದು ಬರೆದಿದ್ದೇನೆ. ಉದ್ದವಾಯಿತು. ಚಿಕ್ಕದು ಹೊಳೆದರೆ ಹೇಳಿ. ಒಬ್ಬರೇ ಕೂರುವ ಕಾರಿಗೆ ‘ಒಂಟಿ ಸೀಟಿನ ಕಾರು’ ಸಾಕು ಅನಿಸಿದೆ.

ಈ ಪದಗಳು ಇಲ್ಲೂ ಬೇಕಾಗುತ್ತವೆ. ನಮ್ಮ ದೇಶದಲ್ಲೂ 2023ರಲ್ಲಿ ಎಫ್4 ಶುರುವಾಯಿತು. 2024ರಲ್ಲಿ ಚೆನ್ನೈನ ಬೀದಿಗಳಲ್ಲೇ ರಾತ್ರಿ ಹೊತ್ತು ಓಡಿಸಿದರು.

ಕೊನೆಯದಾಗಿ, ಒಂದೊಂದು ರೇಸಿಗೆ ‘ಓಟ’ ಎಂದು ಬಳಸಿದ್ದೇನೆ. ಎತ್ತಿನ ಗಾಡಿ ಓಟ ಎನ್ನುವ ಬಳಕೆ ಇರುವುದರಿಂದ ಗಾಡಿಗೂ ಓಟಕ್ಕೂ ನಂಟು ಹೊಸದಲ್ಲ. ಹಾಸನ, ಅರಸೀಕೆರೆ, ಕಡೂರು ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ: ಗಾಡಿ ಓಟದಲ್ಲಿ ಜೋಡಿಗಳನ್ನು ಒಂದೊಂದು ಸಲ ಬಿಡುವುದಕ್ಕೆ ನಿಮ್ಮಲ್ಲಿ ಬೇರೆ ಹೆಸರು ಇದೆಯೇ? ಇಡೀ ದಿನದ ಸ್ಪರ್ಧೆಗೆ ಏನೆನ್ನುತ್ತೀರಿ?