ಸಂಬಳದ ಅರ್ಧ ಡೇ ಕೇರ್‌ಗೆ ಹೋದರೆ ಮನೆ ನಡೆಯುವುದು ಹೇಗೆ?

ಲಗ್ಗೆರೆ ಅಮ್ಮ:
ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕೈಗೆ ಬರುವುದು 12,400 ರೂಪಾಯಿ. ಎರಡು ವರ್ಷದ ಮಗಳ ಡೇ ಕೇರ್‌ಗೆ ತಿಂಗಳಿಗೆ 5,500. ಸಂಜೆ ಆರೂವರೆ ದಾಟಿದರೆ ಅರ್ಧ ಗಂಟೆಗೆ 50 ರೂಪಾಯಿ ಹೆಚ್ಚು. ನಿನ್ನೆ ಓವರ್‌ಟೈಮ್ ಮುಗಿಸಿ ಹೋಗುವ ಹೊತ್ತಿಗೆ ಉಳಿದ ಮಕ್ಕಳೆಲ್ಲ ಮನೆ ಸೇರಿದ್ದರು. ಇವಳು ಚಪ್ಪಲಿ ಹಾಕಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕುಳಿತಿದ್ದಳು. ಎಡಗಾಲಿನ ಚಪ್ಪಲಿ ಬಲಗಾಲಿನಲ್ಲಿತ್ತು. ಓವರ್‌ಟೈಮ್‌ನಲ್ಲಿ ದುಡಿದದ್ದರ ಬಹುಪಾಲನ್ನು ಅಲ್ಲೇ ಕೊಟ್ಟು ಬಂದೆ. ಕೆಲಸ ಬಿಟ್ಟರೆ ಬಾಡಿಗೆ ಕಟ್ಟಲು ಆಗುವುದಿಲ್ಲ. ನೀವೆಲ್ಲ ಏನು ಮಾಡುತ್ತಿದ್ದೀರಿ?

ಹಾಸನದ ಹುಡುಗ:
ಅಕ್ಕಾ, ಊರಿನಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಳ್ಳಿ. ನಮ್ಮ ಮನೆಯಲ್ಲಿ ಹಾಗೆಯೇ ಮಾಡಿದೆವು. ಖರ್ಚೂ ಇಲ್ಲ, ಮಗುವಿಗೆ ಮನೆಯವರ ಪ್ರೀತಿಯೂ ಸಿಗುತ್ತದೆ.

ಮಳವಳ್ಳಿ ಅಜ್ಜಿ:
ಖರ್ಚಿಲ್ಲ ಎಂದು ಯಾರಪ್ಪ ಹೇಳಿದರು? ಮೊಮ್ಮಗನಿಗಾಗಿ ಮೂರು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಬರುವಾಗ ಎರಡು ಹಸು ಮಾರಿದೆ. ಡೇರಿಗೆ ಹಾಲು ಹಾಕಿ ಎಣಿಸಿಕೊಳ್ಳುತ್ತಿದ್ದ ದುಡ್ಡು ನನ್ನದಾಗಿತ್ತು, ಈಗ ಮಾತ್ರೆ ತರಿಸಲೂ ಮಗನ ಮುಖ ನೋಡಬೇಕು. ಊರಿನಲ್ಲಿ ನಮ್ಮ ಯಜಮಾನರು ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಾರೆ. ಕೂಸಿನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದೇನೆ. ಆದರೆ ಈ ಮಂಡಿನೋವಿನಲ್ಲಿ ಅವನ ಹಿಂದೆ ಓಡಲು ನನ್ನಿಂದ ಆಗುತ್ತಿಲ್ಲ.

ಕಾರ್ಮಿಕ ವಕೀಲೆ:
ಲಗ್ಗೆರೆ ಅಮ್ಮನವರೇ, ನಿಮ್ಮ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇಲ್ಲವೇ? 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಅದು ಇರಬೇಕು ಎಂದು ಕಾರ್ಖಾನೆ ಕಾಯ್ದೆಯ 48ನೇ ಕಲಮಿನಲ್ಲೇ ಇತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ ರಜೆ 26 ವಾರಕ್ಕೆ ಏರಿತು. ಜೊತೆಗೆ ಗಂಡಸರು ಹೆಂಗಸರು ಎಲ್ಲರನ್ನೂ ಎಣಿಸಿ 50 ನೌಕರರಿದ್ದರೆ ಕೇಂದ್ರ ಕಡ್ಡಾಯವಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು.

ಲಗ್ಗೆರೆ ಅಮ್ಮ:
ಕೊಠಡಿ ಇದೆ ಮೇಡಂ. ಗೋಡೆಯ ಮೇಲೆ ಆನೆ, ಚಿಟ್ಟೆ ಬರೆಸಿದ್ದಾರೆ. ಒಂದು ವಾರ ಕರೆದುಕೊಂಡು ಹೋದೆ. ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡು ಉಳಿಯಿತು, ಅದನ್ನು ನಾನು ಮರೆಯುವುದಿಲ್ಲ. ಆದರೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ನಿಲ್ಲುವುದು ಹೇಗೆ? ನಾಲ್ಕನೆಯ ದಿನಕ್ಕೆ ಅವಳಿಗೆ ಜ್ವರ ಬಂತು. ಇನ್ನು ನಾಲ್ಕು ಸಲ ಎದ್ದು ಹೋಗುವ ಮಾತು! ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕವಿದೆ. ಒಬ್ಬಳು ಎದ್ದರೆ ಇಡೀ ಲೈನ್ ನಿಲ್ಲುತ್ತದೆ, ಸೂಪರ್‌ವೈಸರ್ ಎಲ್ಲರ ಎದುರು ಹೆಸರು ಹಿಡಿದು ಕೂಗುತ್ತಾರೆ. ನಮ್ಮ ಬಿಲ್ಡಿಂಗ್‌ನಲ್ಲಿ ನೂರಾರು ಹೆಂಗಸರಿದ್ದೇವೆ, ಕೊಠಡಿಯಲ್ಲಿ ಇರುವುದು ಒಂಬತ್ತು ಮಕ್ಕಳು.

ಲೇತ್ ಷೆಡ್ ಮಾಲೀಕ:
ನನ್ನ ಬಳಿ 22 ಜನ ಇದ್ದಾರೆ, ಹಾಗಾಗಿ ಕಾನೂನು ನನ್ನನ್ನು ಮುಟ್ಟುವುದಿಲ್ಲ. ಆದರೂ ಒಂದು ಮಾತು ಹೇಳಬೇಕು. ಎಲ್ಲ ಖರ್ಚನ್ನೂ ಮಾಲೀಕನ ತಲೆಗೆ ಕಟ್ಟಿದರೆ ಮದುವೆಯಾದ ಹೆಣ್ಣುಮಕ್ಕಳಿಗೆ ಕೆಲಸ ಕೊಡಲು ಹಿಂಜರಿಯುತ್ತಾರೆ. ‘ಮಕ್ಕಳೆಷ್ಟು, ಎಷ್ಟು ವಯಸ್ಸು’ ಎಂದು ಮೊದಲ ದಿನವೇ ಕೇಳುವವರನ್ನು ನಾನು ನೋಡಿದ್ದೇನೆ.

ಕಾರ್ಮಿಕ ವಕೀಲೆ:
ಸರ್, ಆ ಭಯ ಸುಳ್ಳಲ್ಲ. ಮಹಿಳೆಯರನ್ನಷ್ಟೇ ಎಣಿಸುವುದನ್ನು ಬಿಟ್ಟು ಎಲ್ಲ ನೌಕರರನ್ನೂ ಎಣಿಸುವ ಕ್ರಮವನ್ನು ನಾನು ಮೆಚ್ಚುವುದು ಅದಕ್ಕೇ. ಮಗು ಗಂಡಸಿನದೂ ಹೌದಲ್ಲವೇ? ಇನ್ನೊಂದು ದಾರಿಯೂ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಂ ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಕೇಂದ್ರ ನಡೆಸಲು ಅವಕಾಶ ಕೊಡುತ್ತದೆ. ನಗರಸಭೆಯ ಕೇಂದ್ರವನ್ನೋ ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನೋ ಬಳಸಿಕೊಳ್ಳಬಹುದು. ಅದು ಕಾರ್ಖಾನೆಯ ಕಾಂಪೌಂಡಿನೊಳಗೇ ಇರಬೇಕೆಂದಿಲ್ಲ. ದುಡಿಯುವವರು ವಾಸವಿರುವ ಲಗ್ಗೆರೆ, ಹೆಗ್ಗನಹಳ್ಳಿಯ ಓಣಿಗಳಲ್ಲಿ ಏಕೆ ಮಾಡಬಾರದು?

ಅಂಗನವಾಡಿ ಟೀಚರ್, ತುಮಕೂರು:
ಮುಂದಿನ ಮಾತು ‘ಅಂಗನವಾಡಿಯಲ್ಲೇ ಬಿಡಿ’ ಎಂದು ಬರುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಅಂಗನವಾಡಿ 1975ರಲ್ಲಿ ಟಿ. ನರಸೀಪುರದಿಂದ ಶುರುವಾಯಿತು. ಅಂದಿನಿಂದಲೂ ಕೇಂದ್ರದಲ್ಲಿ ಕುಳಿತು ಕಲಿಯುವವರು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ. ತಾಯಂದಿರಿಗೆ ಕಷ್ಟ ಬಂದಿರುವುದೇ ಆ ವಯಸ್ಸಿನಲ್ಲಿ. ಸಂಜೆ ನಾಲ್ಕಕ್ಕೆ ನಾವು ಬೀಗ ಹಾಕುತ್ತೇವೆ, ಗಾರ್ಮೆಂಟ್ಸ್ ಬಿಡುವುದು ಐದೂವರೆಗೆ. ಪಾಲನಾ ಯೋಜನೆಯಡಿ ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸುವ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ತೂಕ ನೋಡುವುದು, ಮನೆ ಭೇಟಿ, ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು ಇವೆಲ್ಲದರ ಮೇಲೆ ಏಳು ತಿಂಗಳ ಕೂಸನ್ನೂ ನಮ್ಮ ಕೈಗೆ ಇಡಬೇಡಿ. ನಮಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೂಸುಗಳಿಗೆ ಬೇರೆಯೇ ಆಯಾ ಬೇಕು, ಅವರಿಗೆ ಸರಿಯಾದ ಸಂಬಳ ಬೇಕು. ತಾಯಿಯ ಖರ್ಚು ಇಳಿಸಲು ಇನ್ನೊಬ್ಬ ಹೆಂಗಸನ್ನು ಬಿಟ್ಟಿ ದುಡಿಸುವುದು ನನಗೆ ಒಪ್ಪಿಗೆಯಿಲ್ಲ.

ಮಳವಳ್ಳಿ ಅಜ್ಜಿ:
ಸರಿಯಾಗಿ ಹೇಳಿದೆಯಮ್ಮ.

ಕಾರ್ಮಿಕ ವಕೀಲೆ:
ಟೀಚರ್ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹಳ್ಳಿಗಳಿಗಾಗಿ 2023ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನಡೆಸುವ ಯೋಜನೆ ಅದು. ಪಟ್ಟಣದ ಕಾರ್ಮಿಕರ ಓಣಿಗೂ ಅಂಥದ್ದೇ ಮನೆ ಬೇಕು, ರಾತ್ರಿ ಎಂಟರವರೆಗೆ ತೆರೆದಿರಬೇಕು.

ಹಾಸನದ ಹುಡುಗ:
ಅಜ್ಜಿಯ ಮಾತು ಓದಿದ ಮೇಲೆ ನಮ್ಮ ಅಮ್ಮನಿಗೆ ಊರಿಗೆ ಹೋಗಬೇಕು ಅನ್ನಿಸುತ್ತಿದೆಯೇ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ‘ಶ್ರಾವಣದಲ್ಲಿ ಹದಿನೈದು ದಿನ ಬಿಡುತ್ತೀಯಾ?’ ಎಂದರು. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಜ್ಜಿ, ತಪ್ಪು ನನ್ನದು.

ಲೇತ್ ಷೆಡ್ ಮಾಲೀಕ:
ನಮ್ಮ ರಸ್ತೆಯಲ್ಲಿ 14 ಷೆಡ್‌ಗಳಿವೆ. ಷೆಡ್‌ಗೆ ತಿಂಗಳಿಗೆ 2,000 ಹಾಕಿದರೆ 28,000 ಆಗುತ್ತದೆ. ಬಾಡಿಗೆ ಮತ್ತು ಒಬ್ಬ ಆಯಾ ಸಂಬಳಕ್ಕೆ ಹೆಚ್ಚುಕಡಿಮೆ ಸಾಕು. ಎರಡನೆಯ ಆಯಾ ಮತ್ತು ಊಟದ ಖರ್ಚನ್ನು ಸರ್ಕಾರ ಕೊಡಲಿ. ನನ್ನ ಪಾಲು ಕೊಡಲು ಸಿದ್ಧ, ಉಳಿದವರನ್ನು ನಾನೇ ಕೇಳುತ್ತೇನೆ. ಮಕ್ಕಳು ಎಷ್ಟಿದ್ದಾರೆ ಎಂದು ಮೊದಲು ಗೊತ್ತಾಗಬೇಕು.

ಲಗ್ಗೆರೆ ಅಮ್ಮ:
ನಮ್ಮ ವಠಾರದಲ್ಲೇ ಮೂರು ವರ್ಷದೊಳಗಿನವರು ಆರು ಮಕ್ಕಳು, ಸರ್. ಹಿಂದಿನ ಓಣಿಯನ್ನು ಭಾನುವಾರ ಬಟ್ಟೆ ಒಗೆದ ಮೇಲೆ ಎಣಿಸಿ ಬರೆಯುತ್ತೇನೆ.