ಮನೆ ಗುಂಪಿನಲ್ಲಿ ಹಳೇ ಟ್ರ್ಯಾಕ್ಟರ್ ಜಗಳ

ಶಿವು: ಈ ವಿಡಿಯೊ ನೋಡಿ. ಮಹೀಂದ್ರ 575, 2009ರ ಗಾಡಿ. ನಾಲ್ಕು ಸಿಲಿಂಡರ್, 45 ಎಚ್‌ಪಿ. 3 ಲಕ್ಷ 20 ಸಾವಿರ ಹೇಳ್ತಿದ್ದಾರೆ. ಎಲ್ಲರೂ ಸೇರಿ ಹಾಕಿದರೆ ತರಬಹುದು ಅಲ್ವಾ?

ದೊಡ್ಡಪ್ಪ: ಇರೋದು ಹನ್ನೆರಡು ಎಕರೆ. 45 ಯಾಕೋ? ಮ್ಯಾಸಿ 1035 ನೋಡು. 36 ಎಚ್‌ಪಿ, ಮೂರೇ ಸಿಲಿಂಡರ್, ಡೀಸೆಲ್ ಕಮ್ಮಿ. ಅದರ ಸಿಂಪ್ಸನ್ ಇಂಜಿನ್ ಬಿಚ್ಚಲು ಬಾರದ ಮೇಸ್ತ್ರಿ ನಮ್ಮ ಕಡೆ ಯಾರೂ ಇಲ್ಲ.

ಶಿವು: ದೊಡ್ಡಪ್ಪ, ನಮ್ಮ ಎರೆ ಹೊಲದಲ್ಲಿ ಆರು ಅಡಿ ರೋಟಾವೇಟರ್ ಹಾಕಿದರೆ 1035 ಏದುಸಿರು ಬಿಡುತ್ತದೆ.

ದೊಡ್ಡಪ್ಪ: ಆರು ಅಡಿ ಹಾಕು ಅಂದವರು ಯಾರು?

ಬಸು ಕಾಕಾ: ಅಣ್ಣ, ಎಚ್‌ಎಂಟಿ 2511 ಮರೆತೆಯಾ? ಜೆಟರ್ ಅನ್ನೋ ವಿದೇಶಿ ಕಂಪನಿ ಡಿಸೈನು, ಎರಡೇ ಸಿಲಿಂಡರ್. ಕಬ್ಬಿಣ ಅಂದ್ರೆ ಅದು!

ಶಿವು: ಕಾಕಾ, ಎಚ್‌ಎಂಟಿ ಟ್ರ್ಯಾಕ್ಟರ್ ಮಾಡ್ತಿದ್ದ ಪಿಂಜೋರ್ ಕಾರ್ಖಾನೆ ಮುಚ್ಚಲು 2016ರಲ್ಲೇ ತೀರ್ಮಾನ ಆಯಿತು. ಪಾರ್ಟ್ಸ್ ಗುಜರಿಯಲ್ಲಿ ಹುಡುಕ್ತೀರಾ?

ಬಸು ಕಾಕಾ: ನನ್ನ ಎಚ್‌ಎಂಟಿ ವಾಚು ಇನ್ನೂ ಓಡ್ತಿದೆ.

ಶಿವು: ವಾಚಿಗೆ ನೇಗಿಲು ಕಟ್ಟೋಣ ಬಿಡಿ 😄

ಗೀತಕ್ಕ: ಯಾರಾದರೂ ವಿಡಿಯೊ ಪೂರ್ತಿ ನೋಡಿದ್ರಾ? ಶುರುವಿನಲ್ಲೇ ಇಂಜಿನ್ ಓಡ್ತಿದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ತೋರಿಸಿಲ್ಲ. ಮೀಟರ್ ನೋಡಿದರೆ ಇಂಜಿನ್ ಓಡಿದ್ದು 2,100 ಗಂಟೆ ಮಾತ್ರ ಅಂತ ತೋರಿಸುತ್ತದೆ. ಆದರೆ ಕ್ಲಚ್ ಪೆಡಲ್ ನೋಡಿ. ಗೆರೆಗಳೆಲ್ಲ ಸವೆದು ಕನ್ನಡಿ ತರ ಹೊಳೀತಿದೆ. ಬಣ್ಣ ಮಾತ್ರ ನಿನ್ನೆ ಹೊಡೆದದ್ದು.

ಶಿವು: ಅಕ್ಕ, ಹಳೇ ಗಾಡಿ ಅಂದ್ಮೇಲೆ ಸವೆಯಲ್ವಾ?

ಗೀತಕ್ಕ: ಸವೆಯಲಿ. ಮೀಟರ್ ಯಾಕೆ ಸುಳ್ಳು ಹೇಳಬೇಕು?

ದೊಡ್ಡಪ್ಪ: ಸರಿಯಾಗಿ ಹೇಳಿದಳು. ಕಂಪನಿ ತಪ್ಪಲ್ಲ, ದುಡಿಸಿದವರದ್ದು. 575 ಆಗಲಿ 1035 ಆಗಲಿ, ಬ್ರೀದರ್, ಅಂದರೆ ಇಂಜಿನ್ ಒಳಗಿನ ಗಾಳಿ ಹೊರಬಿಡೋ ಕೊಳವೆ, ಅದರ ಬಾಯಿಗೆ ಅಂಗೈ ಹಿಡಿ. ಹೊಗೆ ಜಾಸ್ತಿ ನುಗ್ಗಿ ಎಣ್ಣೆ ಹನಿ ಬಿದ್ದರೆ ಇಂಜಿನ್ ಒಳಗಿನ ಪಿಸ್ಟನ್ ರಿಂಗು, ಸಿಲಿಂಡರ್ ಲೈನರ್ ಸವೆದು ಹೋಗಿದೆ ಅಂತ. ನೀಲಿ ಹೊಗೆ ಬಂದರೂ ಅದೇ ಅನುಮಾನ. ಆಮೇಲೆ ಲಿಫ್ಟ್‌ನಲ್ಲಿ ನೇಗಿಲು ಎತ್ತಿ, ಇಂಜಿನ್ ಆರಿಸಿ, ಚಹಾ ಕುಡಿದು ಬಾ. ಬರುವಷ್ಟರಲ್ಲಿ ನೇಗಿಲು ನೆಲ ಮುಟ್ಟಿದ್ದರೆ ಮಾತಾಡದೆ ಬಸ್ ಹತ್ತು.

ಬಸು ಕಾಕಾ: ಮುಂದಿನ ಚಕ್ರ ಅಲ್ಲಾಡಿಸಿ ನೋಡೋದನ್ನೂ ಹೇಳು ಅಣ್ಣ. ಟೈರ್‌ಗೂ ದುಡ್ಡು ಎತ್ತಿಡಬೇಕು. ಹಿಂದಿನ ಎರಡು ಬದಲಿಸೋಕೆ ಹೋದರೆ ಅಗ್ಗದ ಗಾಡಿ ಅಗ್ಗ ಇರಲ್ಲ.

ಗೀತಕ್ಕ: ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡು ಶಿವು. ಸಾಲ ತೀರಿದ ಎನ್‌ಒಸಿ ಕೈಗೆ ಬರದೆ ಮುಂಗಡ ಕೊಡಬೇಡ.

ಬಸು ಕಾಕಾ: ನಾಳೆ ಬೆಳಗ್ಗೆ ಆರಕ್ಕೇ ಹೋಗೋಣ. ಫೋನ್ ಮಾಡಬೇಡ, ಮಾಡಿದರೆ ಇಂಜಿನ್ ಬಿಸಿ ಮಾಡಿ ಇಟ್ಟಿರ್ತಾರೆ.

ಗೀತಕ್ಕ: ಶಿವು? ಏನಪ್ಪಾ, ಸುಮ್ನಾದೆ?

ಶಿವು: ಐದು ಸಾವಿರ ಹಾಕಿಬಿಟ್ಟಿದ್ದೆ ಅಕ್ಕ. ನಿನ್ನೆ ರಾತ್ರಿ.

ದೊಡ್ಡಪ್ಪ: ಮನೆಗೆ ಬಾ.