ಲೆಕ್ಕ ಕಂಪ್ಯೂಟರ್ ಮಾಡಿದರೆ ಹುಡುಗರು ಫಿಸಿಕ್ಸ್ ಕಲೀತಾರಾ?

ಬಳ್ಳಾರಿ ಮೇಷ್ಟ್ರು: ಮೊನ್ನೆ ಫಸ್ಟ್ ಪಿಯು ಹುಡುಗರ ಕೈಯಲ್ಲಿ ಟೆನಿಸ್ ಚೆಂಡು ಮೇಲಕ್ಕೆ ಎಸೆಸಿ ಫೋನಿನಲ್ಲಿ ವಿಡಿಯೋ ತೆಗೆದೆವು. ಅದನ್ನ ವಿಡಿಯೋದಲ್ಲಿ ಚಲನೆ ಅಳೆಯೋ ಟ್ರ್ಯಾಕರ್‌ಗೆ ಹಾಕಿ ಫ್ರೇಮಿಗೊಂದು ಚುಕ್ಕಿ ಇಟ್ಟೆವು, ಸೆಕೆಂಡಿಗೆ 30 ಫ್ರೇಮು. ಸಾಫ್ಟ್‌ವೇರ್ ಪುಕ್ಕಟೆ. ಗ್ರಾಫಿಗೆ ಪ್ಯಾರಾಬೋಲಾ ಹೊಂದಿಸಿದರೆ ಜಿ, ಅಂದರೆ ಗುರುತ್ವದ ವೇಗೋತ್ಕರ್ಷ, ಸಿಗುತ್ತದೆ. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಕೇಳಿದರು: "ಲೆಕ್ಕ ಅದೇ ಮಾಡಿದರೆ ಹುಡುಗ ಏನು ಮಾಡಿದ?" ನೀವೇನಂತೀರಿ?

ಕೊಪ್ಪಳದ ಅಪ್ಪ: ಹಿರಿಯರು ಸರಿಯಾಗೇ ಕೇಳಿದ್ದಾರೆ ಸರ್. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಕೂಡ ಒಳಗೆ ಬಿಡೋದಿಲ್ಲ. ನನ್ನ ಮಗ ಮೈದಾನದಲ್ಲಿ ಚೆಂಡು ಎಸೀತಾ ಕೂತರೆ ಹೇಗೆ?

ಗಂಗಾವತಿ ಟೀಚರ್: ಹೈಸ್ಕೂಲಿನಲ್ಲಿ ನಮಗಿರೋದು ಒಂದೇ ಕಂಪ್ಯೂಟರ್, ಅದೂ ಕರೆಂಟ್ ಇದ್ದಾಗ. ಆದರೂ ಗ್ರಾಫ್ ಬರೆಯೋ ಸಾಫ್ಟ್‌ವೇರ್ ಜಿಯೋಜೀಬ್ರಾದಲ್ಲಿ ಸ್ಲೈಡರ್ ಎಳೆದು ವೇಗ ಹೆಚ್ಚಿಸಿದಾಗ ಗೆರೆ ಕಡಿದಾಗೋದನ್ನ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಾರೆ. ಬೋರ್ಡಿನ ಮೇಲೆ ನಾನು ಹತ್ತು ಗ್ರಾಫ್ ಬರೆದರೂ ಅದು ಬರೋದಿಲ್ಲ. ನೋಡಿದ್ದೇ ಕಲಿತಂತೆ ಆಯ್ತಾ ಅಂದರೆ, ಆಗಿಲ್ಲ. ಮಾರನೇ ದಿನ ಕೇಳಿದರೆ ಅರ್ಧ ಕ್ಲಾಸ್ ಸುಮ್ನೆ.

ಸಿಂಧನೂರು ಹುಡುಗಿ: ನಾನು ಬಿಎಸ್ಸಿ ಓದ್ತಿದ್ದೀನಿ ಸರ್. ಒಂದು ಮೀಟರ್ ಉದ್ದದ ಲೋಲಕವನ್ನ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮಾಡಿದೆ. ಒಂದೊಂದು ಸಾಲಲ್ಲಿ ಕೋನ, ವೇಗ, ಮುಂದಿನ ಸಾಲಿಗೆ ಅದರಿಂದಲೇ ಲೆಕ್ಕ. 0.1 ಸೆಕೆಂಡ್ ಹೆಜ್ಜೆ ಇಟ್ಟೆ. 10 ಡಿಗ್ರಿಯಿಂದ ಬಿಟ್ಟ ಲೋಲಕ ಒಂದು ಸಲ ಹೋಗಿ ಬರೋ ಹೊತ್ತಿಗೆ 25 ಡಿಗ್ರಿ ಹತ್ತಿರ ಹೋಗಿತ್ತು! ಯಾರೂ ತಳ್ಳಿಲ್ಲ. ಹೆಜ್ಜೆ 0.01 ಮಾಡಿದರೂ 11. ಮೂರು ದಿನ ಫಾರ್ಮುಲಾ ತಪ್ಪಿದೆ ಅಂತ ಹುಡುಕಿದೆ.

ಬಳ್ಳಾರಿ ಮೇಷ್ಟ್ರು: ತಪ್ಪು ಫಾರ್ಮುಲಾದ್ದಲ್ಲಮ್ಮ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕೋ ಆಯ್ಲರ್ ಪದ್ಧತಿಯದ್ದು. ಹಳೇ ವೇಗ ಹಿಡಿದು ಕೋನ ಮುಂದಕ್ಕೆ ಹಾಕ್ತಾ ಇದ್ದೆ, ಅಲ್ವಾ?

ಸಿಂಧನೂರು ಹುಡುಗಿ: ಹೌದು ಸರ್. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಕೋನ ಹಾಕಿದೆ. ಒಂದೇ ಕಾಲಮ್ ತಿದ್ದಿದ್ದು. ಲೋಲಕ 10 ಡಿಗ್ರಿ ಆಸುಪಾಸಲ್ಲೇ ತೂಗಾಡ್ತು. ಮೊದಲ ನಾಲ್ಕು ಸಾಲು ಕೈಯಲ್ಲಿ ಬರೆದಿರದಿದ್ದರೆ ಇದು ನನಗೆ ಹೊಳೀತಾನೇ ಇರಲಿಲ್ಲ.

ಕೊಪ್ಪಳದ ಅಪ್ಪ: ನೋಡಿ, ಕಂಪ್ಯೂಟರೇ ಸುಳ್ಳು ಹೇಳ್ತು ಅಂತ ನೀವೇ ಒಪ್ಪಿಕೊಂಡಿರಿ.

ಗಂಗಾವತಿ ಟೀಚರ್: ನಾವು ಹೇಳಿದ್ದನ್ನೇ ಅದು ಮಾಡಿದ್ದು ಅಣ್ಣಾ. ಗಾಳಿಯ ತಡೆ ಸೇರಿಸಿ ಚೆಂಡಿನ ದಾರಿ ಕೈಯಲ್ಲಿ ಲೆಕ್ಕ ಹಾಕಿ ನೋಡೋಣ. ಅದಕ್ಕೇ ಪುಸ್ತಕದ ತುಂಬ "ಗಾಳಿಯನ್ನು ಲೆಕ್ಕಿಸಬೇಡಿ" ಅಂತಿರೋದು.

ಬಳ್ಳಾರಿ ಮೇಷ್ಟ್ರು: ನಮ್ಮ ಹುಡುಗರ ಕಥೆ ಪೂರ್ತಿ ಹೇಳಿಬಿಡ್ತೀನಿ. ಪ್ಯಾರಾಬೋಲಾದಲ್ಲಿ ಸಮಯದ ವರ್ಗದ ಮುಂದೆ 4.6 ಬಂತು. ಇಬ್ಬರು ಜಿ 4.6 ಅಂತ ಬರೆದೇಬಿಟ್ಟರು. ಅದು ಜಿಯ ಅರ್ಧ ಅನ್ನೋದು ಸಾಫ್ಟ್‌ವೇರ್ ಹೇಳೋದಿಲ್ಲ. ಹಿರಿಯರ ಮಾತು ಅಲ್ಲಿ ನಿಜ. ಆದರೆ ದುಪ್ಪಟ್ಟು ಮಾಡಿದರೂ 9.8ರ ಬದಲು 9.2 ಯಾಕೆ ಬಂತು? ಹಿಂದಿನ ಬೆಂಚಿನ ಒಬ್ಬ ವಿಡಿಯೋ ಎರಡು ಸಲ ನೋಡಿ ಹಿಡಿದ. ಮೀಟರ್ ಸ್ಕೇಲ್ ಹಿಡಿದವನು ಚೆಂಡಿಗಿಂತ ಫೋನಿಗೆ ಹತ್ತಿರ ನಿಂತಿದ್ದ. ಸ್ಕೇಲ್ ದೊಡ್ಡದಾಗಿ ಕಂಡಿತು, ಚೆಂಡು ಹಾರಿದ ಎತ್ತರ ಲೆಕ್ಕದಲ್ಲಿ ಕುಗ್ಗಿತು. ಚೆಂಡಿನ ಪಕ್ಕದಲ್ಲೇ ಸ್ಕೇಲ್ ನಿಲ್ಲಿಸಿ ಮತ್ತೆ ತೆಗೆದೆವು. 9.7.

ಕೊಪ್ಪಳದ ಅಪ್ಪ: ಆ ಹಿಂದಿನ ಬೆಂಚಿನವನು ಸಿಇಟಿ ಬರೀತಾನಾ ಸರ್?

ಬಳ್ಳಾರಿ ಮೇಷ್ಟ್ರು: ಬರೀತಾನೆ.

ಕೊಪ್ಪಳದ ಅಪ್ಪ: ತಂಗೀ, ನಿನ್ನ ಆ ಲೋಲಕದ ಶೀಟ್ ಇಲ್ಲಿ ಹಾಕು. ತಪ್ಪಿರೋದನ್ನೇ ಹಾಕು. ಮಗ ಹುಡುಕಲಿ.